ವೇಷದೊಳಗಿನವರ ಹೆಸರು ಬರೆದಿಡಿ: ಯಕ್ಷಗಾನ ವಿಡಿಯೊ ಸಂಗ್ರಹಕ್ಕಾಗಿ ಹಕ್ಕೊತ್ತಾಯ ಪತ್ರ

ಗೆ: ದಾಖಲಾತಿ ಕೇಂದ್ರದ ಆಡಳಿತ ಮಂಡಳಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ
ಇಂದ: ಆಟಗಳನ್ನು ಚಿತ್ರೀಕರಿಸಿದವರು ಮತ್ತು ತುಣುಕುಗಳ ಪಟ್ಟಿ ಬರೆಯುವವರು



ತೆಂಕು, ಬಡಗು ಎರಡೂ ತಿಟ್ಟಿನ ಆಟಗಳನ್ನು ನಾವು ವಿಎಚ್‌ಎಸ್ ಕಾಲದಿಂದ ಚಿತ್ರೀಕರಿಸುತ್ತ ಬಂದಿದ್ದೇವೆ. ಅದೆಲ್ಲ ಕಪಾಟುಗಳಲ್ಲಿ, ಹಾರ್ಡ್ ಡಿಸ್ಕುಗಳಲ್ಲಿ ಇದೆ. ಆದರೆ ಬೇಕಾದಾಗ ಸಿಗುವುದಿಲ್ಲ. ಕಳೆದ ಮಳೆಗಾಲದಲ್ಲಿ ತೀರಿಕೊಂಡ ಸ್ತ್ರೀವೇಷಧಾರಿಯೊಬ್ಬರ ಮಗಳು ತಂದೆಯ ದಾಕ್ಷಾಯಿಣಿಯನ್ನು ಒಮ್ಮೆ ನೋಡಬೇಕೆಂದು ಬಂದರು. ‘ಆಟ 2’, ‘ಹೊಸತು’, ‘ಒಳ್ಳೇದು ಕೊನೆ’ ಎಂಬಂಥ ಹೆಸರಿನ ಫೈಲುಗಳನ್ನು ಮೂರು ದಿನ ತೆರೆದು ನೋಡಿದೆವು. ಅವರು ಬರಿಗೈಯಲ್ಲಿ ಹೋದರು. ಆ ಟೇಪು ನಮ್ಮಲ್ಲೇ ಇದೆ ಎಂಬುದು ಅದನ್ನು ಚಿತ್ರೀಕರಿಸಿದ ನಮ್ಮ ಸಂಗಡಿಗರಿಗೆ ಚೆನ್ನಾಗಿ ಗೊತ್ತು.

ನಮ್ಮ ಬೇಡಿಕೆಗಳು ಇವು.

1. ಎಲ್ಲಕ್ಕಿಂತ ಮೊದಲು, ಗುರುತಿಸಬಲ್ಲವರು ಇರುವಾಗಲೇ ಗುರುತಿಸುವ ಕೆಲಸ ಆಗಬೇಕು. ಬೇರೆ ವಿಡಿಯೊದಲ್ಲಿ ಮುಖ ನೋಡಿ ಹೆಸರು ಹೇಳಬಹುದು. ಬಣ್ಣದ ವೇಷದವರು ಚುಟ್ಟಿ ಇಟ್ಟು ಕಿರೀಟ ಕಟ್ಟಿದರೆ ಮನೆಯವರಿಗೂ ಗುರುತು ಹತ್ತದು. ಮುಖ ಗುರುತಿಸುವ ತಂತ್ರಾಂಶವನ್ನು ನಂಬಿ ಕೂರುವಂತಿಲ್ಲ. ತೆರೆಕುಣಿತ, ಅಟ್ಟಹಾಸ, ಹೆಜ್ಜೆಯ ಭಾರ ಕಂಡು ‘ಇದು ಇಂಥವರೇ’ ಎನ್ನಬಲ್ಲವರು ಅವರ ಜೊತೆ ಕುಣಿದವರು, ಅವರಿಗೆ ಚೆಂಡೆ ಬಾರಿಸಿದವರು. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ, ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ, ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ಅವರು ನೋಡಿ ಹೇಳಬಹುದಾಗಿದ್ದ ಎಷ್ಟೋ ಹೆಸರುಗಳು ಅವರೊಂದಿಗೇ ಹೋದವು. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಹೆಚ್ಚಿನ ಕಲಾವಿದರು ಊರಲ್ಲಿ ಸಿಗುತ್ತಾರೆ. ಆ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ ಹಿರಿಯರನ್ನು ಕರೆಸಿ, ತುಣುಕು ತೋರಿಸಿ, ಅವರು ಹೇಳಿದ್ದನ್ನು ಧ್ವನಿಮುದ್ರಿಸಿ ಬರೆದುಕೊಳ್ಳಬೇಕು. ಬರಲಾಗದವರ ಮನೆಗೆ ನಾವು ಹೋಗಲು ವಾಹನ ಕೊಡಿ. ಶಾಲು, ಹಣ್ಣಿನ ಬುಟ್ಟಿ ಸಾಲದು. ಅವರಿಗೆ ದಿನದ ಸಂಭಾವನೆ ಸಲ್ಲಬೇಕು.

2. ಪ್ರತಿ ಫೈಲಿನ ಹೆಸರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ ಶುರುವಾಗಬೇಕು. ಆಗ ಕಂಪ್ಯೂಟರು ತಾನಾಗಿ ಕಾಲಕ್ರಮದಲ್ಲಿ ಜೋಡಿಸುತ್ತದೆ. ನಂತರ ಊರು, ಮೇಳ, ಪ್ರಸಂಗ, ಟೇಪಿನ ಸಂಖ್ಯೆ. ಇಡೀ ರಾತ್ರಿಯ ಆಟದಲ್ಲಿ ನಡುರಾತ್ರಿಗೆ ತಾರೀಖು ಬದಲಾಗಿ, ಒಂದೇ ಆಟದ ತುಣುಕುಗಳು ಎರಡು ಕಡೆ ಚದುರಿವೆ. ಚೌಕಿಪೂಜೆಯಾದ ದಿನದ ತಾರೀಖೇ ಬೆಳಗಿನ ಮಂಗಳದವರೆಗೂ ನಡೆಯಲಿ.

3. ಕರ್ಣಪರ್ವ, ಕರ್ಣಾರ್ಜುನ, ಕರ್ಣಾರ್ಜುನ ಕಾಳಗ: ಈ ಮೂರನ್ನೂ ನಾವು ಬೇರೆ ಬೇರೆ ಪ್ರಸಂಗವೆಂದು ಬರೆದುಬಿಟ್ಟಿದ್ದೇವೆ. ಪ್ರಸಂಗಗಳಿಗೂ ಕಲಾವಿದರಿಗೂ ಒಂದೊಂದು ಅಧಿಕೃತ ಹೆಸರಿನ ಪಟ್ಟಿ ಆಗಬೇಕು. ಮೇಳದವರು ಕರಪತ್ರದಲ್ಲಿ ಹಾಕಿದ ಹೆಸರೂ ಪಕ್ಕದಲ್ಲಿ ಉಳಿಯಬೇಕು.

4. ಹಿಮ್ಮೇಳದವರ ಹೆಸರು ಕಡ್ಡಾಯ. ಕ್ಯಾಮೆರಾ ವೇಷದ ಹಿಂದೆಯೇ ಓಡುತ್ತದೆ. ಪದ್ಯ ಹೇಳಿದವರು, ಮದ್ದಳೆಗೆ ಕೂತವರು ಚೌಕಟ್ಟಿನಿಂದ ಹೊರಗೆ ಉಳಿಯುತ್ತಾರೆ. ಈ ತಪ್ಪು ನಮ್ಮದು, ಒಪ್ಪಿಕೊಳ್ಳುತ್ತೇವೆ. ಪಟ್ಟಿಯಲ್ಲಾದರೂ ಅದು ಸರಿಯಾಗಲಿ: ಪದ್ಯದ ಮೊದಲ ಪದ, ರಾಗ, ತಾಳ, ಭಾಗವತರು, ಮದ್ದಳೆ, ಚೆಂಡೆ.

5. ತುಣುಕು ಕತ್ತರಿಸಿದ ಮೇಲೆ ಪೂರ್ಣ ಆಟವನ್ನು ಅಳಿಸುವುದು ಇಂದೇ ನಿಲ್ಲಬೇಕು. ಯುದ್ಧ, ಹಾಸ್ಯ ಉಳಿದು ಒಡ್ಡೋಲಗ ಕಸದ ಬುಟ್ಟಿಗೆ ಹೋಗುತ್ತಿದೆ. ಪ್ರತಿ ತುಣುಕಿಗೂ ಮೂಲ ಟೇಪಿನ ಸಂಖ್ಯೆ, ಆರಂಭ ಮತ್ತು ಕೊನೆಯ ಸಮಯ ಇರಬೇಕು.

6. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಯಲ್ಲೇ ತಯಾರಿಕೆ ನಿಲ್ಲಿಸಿತು. ಸುಸ್ಥಿತಿಯ ಎರಡು ಯಂತ್ರ, ರಿಪೇರಿ ಬಲ್ಲ ಒಬ್ಬರು ನಮಗೆ ಬೇಕು. ಬೂಷ್ಟು ಹಿಡಿದ ಟೇಪುಗಳ ಸರದಿ ಮೊದಲು. ಪರಿವರ್ತಿಸಿದ್ದಕ್ಕೆ ಮೂರು ಪ್ರತಿ ಇರಲಿ, ಒಂದು ಉಪ್ಪುಗಾಳಿಯಿಂದ ದೂರ, ಘಟ್ಟದ ಮೇಲೆ. ಫೈಲು ಕೆಟ್ಟಿಲ್ಲವೆಂದು ವರ್ಷಕ್ಕೊಮ್ಮೆ ಚೆಕ್‌ಸಮ್ ಹಾಕಿ ನೋಡಬೇಕು.

7. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ, ತನ್ನ ಪ್ರದರ್ಶನದ ಜೊತೆ ತನ್ನ ಹೆಸರಿರಬೇಕೆಂದು ಕೇಳುವ ಹಕ್ಕು ಕಲಾವಿದರಿಗಿದೆ. ಹೆಸರಿಲ್ಲದ ತುಣುಕು ಕೇಂದ್ರದಿಂದ ಹೊರಗೆ ಹೋಗಕೂಡದು.

8. ತುಣುಕಿಗೆ ಇಷ್ಟು ಎಂದು ಲೆಕ್ಕ ಹಾಕಿ ಕೂಲಿ ಕೊಡುವುದು ಬೇಡ. ಅವಸರ ಹುಟ್ಟುವುದೇ ಅಲ್ಲಿ. ‘ಆಟ 2’ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಎಂಟು ಗಂಟೆಯ ಆಟವನ್ನು ಕೇಳಿ, ನಿಲ್ಲಿಸಿ, ಮತ್ತೆ ಕೇಳಿ ಬರೆಯಲು ಮೂರು ದಿನ ಬೇಕು. ತಿಂಗಳ ಸಂಬಳ ಕೊಡಿ.

ಮೊದಲ ಬೇಡಿಕೆಯ ಕೆಲಸ ಬರುವ ಪತ್ತನಾಜೆಯ ಮರುವಾರವೇ ಶುರುವಾಗಬೇಕು. ಯಾರನ್ನು ಕರೆಸಬೇಕೆಂಬ ಪಟ್ಟಿಯನ್ನು ಇದರೊಂದಿಗೆ ಇಟ್ಟಿದ್ದೇವೆ. ಅದನ್ನು ವಯಸ್ಸಿನ ಪ್ರಕಾರ ಬರೆದಿದ್ದೇವೆ, ಹಿರಿಯರಿಂದ ಮೊದಲುಗೊಂಡು.