ಕಾರಿನಲ್ಲಿ ಬಿಟ್ಟು ದರ್ಶನಕ್ಕೆ ಹೋಗಬೇಡಿ

ಬೇಸಿಗೆ ರಜೆಗೆ ನಾಯಿಯನ್ನೋ ಬೆಕ್ಕನ್ನೋ ಜೊತೆಗೆ ಕರೆದುಕೊಂಡು ಹೊರಡುವ ಎಲ್ಲ ಮನೆಯವರಲ್ಲೂ ನನ್ನದೊಂದು ಕೋರಿಕೆ. ಬಾಗಿಲು ಹಾಕಿದ ಕಾರಿನಲ್ಲಿ ಅದನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ. ಐದು ನಿಮಿಷಕ್ಕೂ ಬೇಡ, ಮರದ ನೆರಳಿನಲ್ಲೂ ಬೇಡ, ಗಾಜನ್ನು ನಾಲ್ಕು ಬೆರಳು ಇಳಿಸಿಟ್ಟೂ ಬೇಡ. ಮುಂದೆ ಹೇಳುವುದನ್ನೆಲ್ಲ ಮರೆತರೂ ಇದೊಂದು ಮಾತನ್ನು ನಡೆಸಿಕೊಡಿ.

ಬೇಕೆಂದು ಯಾರೂ ಹಾಗೆ ಮಾಡುವುದಿಲ್ಲ. ನಮ್ಮ ಪ್ರವಾಸಗಳ ರೀತಿಯೇ ನಮ್ಮನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ. ಬೆಂಗಳೂರಿನಿಂದ ಹೊರಟ ಕುಟುಂಬ ಸುಬ್ರಹ್ಮಣ್ಯ, ಧರ್ಮಸ್ಥಳ ಮುಗಿಸಿಕೊಂಡು ಕಡಲ ಕಡೆಗೆ ಇಳಿಯುತ್ತದೆ, ಇಲ್ಲವೇ ಹಂಪಿ, ಬಾದಾಮಿ ಎಂದು ಬಿಸಿಲನಾಡಿಗೆ ಹೋಗುತ್ತದೆ. ಗುಡಿಯೊಳಗೆ ನಾಯಿಯನ್ನು ಬಿಡುವುದಿಲ್ಲ. ಟಿಕೆಟ್ ಕೊಟ್ಟು ನೋಡುವ ಸ್ಮಾರಕಗಳಲ್ಲೂ, ದಾರಿಯ ಹೋಟೆಲುಗಳಲ್ಲೂ ಬಹುತೇಕ ಅದೇ ಕತೆ. ಆಗ ಯಾರೋ ಒಬ್ಬರು, “ಬೇಗ ಬಂದುಬಿಡೋಣ ಬಿಡಿ” ಅನ್ನುತ್ತಾರೆ. ದರ್ಶನದ ಸಾಲು ಎಂದಾದರೂ ನಾವು ಎಣಿಸಿದ ವೇಗದಲ್ಲಿ ಸರಿದದ್ದುಂಟೆ? ಕಬ್ಬಿಣದ ಕಂಬಿಗಳ ನಡುವೆ ಸಿಕ್ಕಿಕೊಂಡ ಮೇಲೆ ಹಿಂದಕ್ಕೆ ಬರಲೂ ದಾರಿಯಿರುವುದಿಲ್ಲ.

ಆ ಹೊತ್ತಿನಲ್ಲಿ ಕಾರಿನೊಳಗೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಕಾವನ್ನು ಅಳೆದು 2005ರಲ್ಲಿ ಪ್ರಕಟಿಸಿದರು. ಒಂದು ಗಂಟೆಯಲ್ಲಿ ಒಳಗಿನ ಉಷ್ಣಾಂಶ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಆ ಏರಿಕೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗಿತ್ತು. ಗಾಜು ಸ್ವಲ್ಪ ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಮೊದಲೇ ಎಸಿ ಹಾಕಿ ತಂಪು ಮಾಡಿಟ್ಟರೆ ಸಿಕ್ಕ ಬಿಡುವು ಐದೇ ನಿಮಿಷದ್ದು. ಇದನ್ನು ನಮ್ಮ ಊರುಗಳಿಗೆ ಹೊಂದಿಸಿ ನೋಡಿ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್–ಮೇ ತಿಂಗಳಿನಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವುದು ಮಾಮೂಲು. ತಂಪು ಊರೆಂದು ಹೆಸರಾದ ಬೆಂಗಳೂರಿನಲ್ಲೂ 2016ರ ಏಪ್ರಿಲ್ 25ರಂದು 39.2 ಡಿಗ್ರಿ ದಾಖಲಾಗಿದೆ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಟ್ಟು ಹೋಗುವವರೂ ಇದ್ದಾರೆ. ಎಂಜಿನ್ ತಾನಾಗಿ ನಿಂತುಹೋದರೆ ಒಳಗಿನ ಜೀವ ಯಾರಿಗೆ ಹೇಳಬೇಕು?

ನಮ್ಮಂತೆ ನಾಯಿಗೆ ಮೈತುಂಬ ಬೆವರಲು ಬರುವುದಿಲ್ಲ. ಪಾದದಡಿಯ ಮೆತ್ತೆಗಳಲ್ಲಿ ಒಂದಿಷ್ಟು ಬೆವರುತ್ತದೆ, ಅಷ್ಟೇ. ಮೈ ತಣಿಸಿಕೊಳ್ಳಲು ಅದಕ್ಕಿರುವ ಮುಖ್ಯ ಉಪಾಯ ನಾಲಿಗೆ ಚಾಚಿ ಏದುಸಿರು ಬಿಡುವುದು. ಬಾಯಿಯ, ಮೂಗಿನ ತೇವ ಆರಿದಾಗ ಕಾವು ಹೊರಹೋಗುತ್ತದೆ. ಆದರೆ ಮುಚ್ಚಿದ ಕಾರಿನ ಗಾಳಿಯೇ ಬಿಸಿಯಾಗಿ, ಉಸಿರಿನ ತೇವದಿಂದ ತುಂಬಿಕೊಂಡಾಗ ಈ ಉಪಾಯವೂ ಕೈಕೊಡುತ್ತದೆ. ನಾಯಿಯ ಮೈ ಸಹಜವಾಗಿ 38.3ರಿಂದ 39.2 ಡಿಗ್ರಿ ಇರುತ್ತದೆ. 41 ದಾಟಿದರೆ ಮಿದುಳು, ಮೂತ್ರಪಿಂಡ, ಕರುಳುಗಳಿಗೆಲ್ಲ ಏಟು ಬೀಳತೊಡಗುತ್ತದೆ. ಪಗ್, ಬುಲ್‌ಡಾಗ್, ಬಾಕ್ಸರ್, ಶಿಟ್ಜುಗಳಂಥ ಚಪ್ಪಟೆ ಮೂತಿಯ ನಾಯಿಗಳಿಗೂ ಪರ್ಷಿಯನ್ ಬೆಕ್ಕುಗಳಿಗೂ ಉಸಿರಿನ ದಾರಿಯೇ ಇಕ್ಕಟ್ಟು. ಅವು ಬೇರೆಯವುಗಳಿಗಿಂತ ಬೇಗ ಸೋಲುತ್ತವೆ. ಹಿಮದ ನಾಡಿನ ಹಸ್ಕಿಗಳನ್ನು ಫ್ಲಾಟುಗಳಲ್ಲಿ ಸಾಕಿಕೊಂಡವರಿಗೆ ನಾನು ಬೇರೆ ಹೇಳಬೇಕಾಗಿಲ್ಲ. ಮುಧೋಳದ ನಾಯಿ ಬಾಗಲಕೋಟೆಯ ಬಿಸಿಲಿನಲ್ಲೇ ಹುಟ್ಟಿ ಬೆಳೆದ ತಳಿ, ನಿಜ. ಆದರೂ ಮುಚ್ಚಿದ ಕಾರನ್ನು ತಡೆದುಕೊಳ್ಳುವ ಶಕ್ತಿ ಯಾವ ತಳಿಗೂ ಇಲ್ಲ.

ಆದ್ದರಿಂದ ತೀರ್ಮಾನ ಹೊರಡುವ ಮುನ್ನ ಮನೆಯಲ್ಲೇ ಆಗಬೇಕು. ಪ್ರತಿ ನಿಲುಗಡೆಯಲ್ಲೂ ನಾಯಿಯ ಜೊತೆ ಹೊರಗೆ ನಿಲ್ಲುವವರು ಯಾರು? ಅಣ್ಣ ಒಂದು ಕಡೆ, ಅತ್ತಿಗೆ ಇನ್ನೊಂದು ಕಡೆ ಎಂದು ಸರದಿ ಹಾಕಿಕೊಳ್ಳಿ. ಅಷ್ಟು ಜನವಿಲ್ಲ, ಅಥವಾ ದಾರಿಯುದ್ದಕ್ಕೂ ಗುಡಿಗಳೇ ಇವೆ ಎಂದಾದರೆ ಅದನ್ನು ಕರೆದೊಯ್ಯದಿರುವುದೇ ಪ್ರೀತಿ. ಬೆಕ್ಕಿಗಂತೂ ಪ್ರವಾಸಕ್ಕಿಂತ ಸ್ವಂತ ಮನೆಯೇ ಮೇಲು. ನಂಬಿಕಸ್ತ ನೆರೆಯವರ ಕೈಗೆ ಬೀಗದ ಕೈ ಕೊಟ್ಟು, ದಿನಕ್ಕೆರಡು ಸಲ ಬಂದು ನೀರು, ಊಟ, ಮಣ್ಣಿನ ತಟ್ಟೆ ನೋಡಿಕೊಳ್ಳಲು ಹೇಳಿ. ನಾಯಿಯನ್ನು ಹಣ ಕೊಟ್ಟು ಬಿಡುವ ಕಡೆ ಬಿಡುವುದಾದರೆ ಫೋಟೋ ನೋಡಿ ಒಪ್ಪಬೇಡಿ. ಮಟಮಟ ಮಧ್ಯಾಹ್ನ ಅಲ್ಲಿಗೆ ಹೋಗಿ, ಮಲಗುವ ಜಾಗದ ಮೇಲೆ ತಗಡಿದೆಯೋ ಹೆಂಚಿದೆಯೋ ನೋಡಿ ಬನ್ನಿ. ಊರಾಚೆಗೋ ಹೆದ್ದಾರಿ ಬದಿಗೋ ಬಿಟ್ಟು ಹೋಗುವವರೂ ಇದ್ದಾರೆ ಎಂಬುದನ್ನು ಸಂಕಟದಿಂದಲೇ ಬರೆಯುತ್ತಿದ್ದೇನೆ. ಅದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮನೆಯ ಅನ್ನ ಉಂಡು ಬೆಳೆದ ನಾಯಿಗೆ ಬೀದಿಯಲ್ಲಿ ಬದುಕಲು ತಿಳಿಯುವುದಿಲ್ಲ.

ಕರೆದೊಯ್ಯುವುದೇ ಆದರೆ ಬೆಳಗಿನ ಜಾವ ಹೊರಡಿ, ಬಿಸಿಲೇರುವ ಮುಂಚೆ ಹೆಚ್ಚಿನ ದಾರಿ ಸವೆಸಿಬಿಡಿ. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿದಿರಲಿ. ನೀರನ್ನು ಮಾತ್ರ ಆಗಾಗ ಕೊಡುತ್ತಿರಿ. ಕಟ್ಟುವುದಾದರೆ ಕತ್ತಿನ ಪಟ್ಟಿಗೆ ಬೇಡ, ಎದೆಗೆ ಹಾಕುವ ಪಟ್ಟಿಗೆ ಕಟ್ಟಿ. ಇಳಿಸುವ ಮುನ್ನ ಡಾಂಬರಿನ ಮೇಲೆ ನಿಮ್ಮ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಇಟ್ಟು ನೋಡಿ. ನಿಮಗೆ ತಾಳಲಾಗದಿದ್ದರೆ ಅದರ ಪಾದಕ್ಕೂ ತಾಳಲಾಗದು. ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವವರು ನಡುಹಗಲಿನಲ್ಲಿ ದಯವಿಟ್ಟು ಹೊರಡಬೇಡಿ.

ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ನಾಯಿಗೆ ಮೊದಲು ಪೂರ್ತಿ ಟಿಕೆಟ್ ಇತ್ತು, 2022ರಲ್ಲಿ ಅರ್ಧಕ್ಕೆ ಇಳಿಸಿದರು. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ–ಮೊಮ್ಮಗಳಿಗೆ ಪ್ರಯಾಣ ಉಚಿತವಾಗಿದ್ದು, ಜೊತೆಗಿದ್ದ ನಾಲ್ಕು ಗಿಳಿಗಳಿಗೆ 444 ರೂಪಾಯಿ ಟಿಕೆಟ್ ಕೊಟ್ಟದ್ದು ಪತ್ರಿಕೆಗಳಲ್ಲೆಲ್ಲ ಬಂತು. ಜನ ಅದನ್ನು ನಕ್ಕು ಮರೆತರು. ನನಗೆ ಮಾತ್ರ ಟಿಕೆಟ್ ಕೊಟ್ಟ ಪ್ರಾಣಿಗೆ ನೆರಳಿನ ಬದಿಯ ಸೀಟನ್ನು ಕೇಳಿ ಪಡೆಯುವ ಹಕ್ಕಿದೆ ಅನ್ನಿಸುತ್ತದೆ. ರೈಲಿನಲ್ಲಿ ನಾಯಿಯನ್ನು ಜೊತೆಗೇ ಇಟ್ಟುಕೊಳ್ಳಬೇಕಾದರೆ ಮೊದಲ ದರ್ಜೆಯ ಎಸಿ ಬೋಗಿಯಲ್ಲಿ ಎರಡು ಅಥವಾ ನಾಲ್ಕು ಬರ್ತಿನ ಕೋಣೆಯನ್ನು ಇಡಿಯಾಗಿ ಕಾದಿರಿಸಬೇಕು. ಇಲ್ಲದಿದ್ದರೆ ಅದಕ್ಕೆ ಲಗೇಜು ಬೋಗಿಯ ನಾಯಿಪೆಟ್ಟಿಗೆಯೇ ಗತಿ. ಬೇಸಿಗೆಯ ಹಗಲು ರೈಲಿನಲ್ಲಿ ಆ ಪೆಟ್ಟಿಗೆಗೆ ನಾಯಿಯನ್ನು ಹಾಕಬೇಡಿ ಎಂದೇ ನಾನು ಬೇಡಿಕೊಳ್ಳುತ್ತೇನೆ.

ಅಜ್ಜಿಯ ಮನೆ ತಲುಪಿದ ಮೇಲೆ ಮೂರು ಎಚ್ಚರ. ಮಾವಿನ ಗೊರಟೆ ನುಂಗಿದ ನಾಯಿಗೆ ಕರುಳು ಕಟ್ಟಿಕೊಳ್ಳಬಹುದು. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಕೊಟ್ಟಿಗೆಯ ಕಡೆ ಸುತ್ತಿ ಬಂದದ್ದರ ಕಿವಿ, ಬೆರಳ ಸಂದುಗಳಲ್ಲಿ ಉಣ್ಣೆ ಹತ್ತಿದೆಯೇ ಎಂದು ದಿನಾ ಸಂಜೆ ನೋಡಿ.

ಏದುಸಿರು ಜೋರಾಗಿ ನಿಲ್ಲದೇ ಇದ್ದರೆ, ಜೊಲ್ಲು ಅಂಟಂಟಾಗಿ ಇಳಿಯುತ್ತಿದ್ದರೆ, ಒಸಡು ಕೆಂಪಗಾಗಿ ಕಾಲು ತಡವರಿಸಿದರೆ, ವಾಂತಿಯಾದರೆ, ಅದು ಬಿಸಿಲಾಘಾತ. ಆಸ್ಪತ್ರೆ ಎಲ್ಲಿದೆ ಎಂದು ಹುಡುಕುವ ಮೊದಲು ನೆರಳಿಗೆ ತಂದು ಮೈಮೇಲೆಲ್ಲ ನೀರು ಸುರಿಯಿರಿ. ನಲ್ಲಿಯ ನೀರು, ಬಾಟಲಿಯ ನೀರು, ಯಾವುದಿದ್ದರೂ ಸರಿ. ಹೊಟ್ಟೆ, ತೊಡೆಯ ಸಂದು ಚೆನ್ನಾಗಿ ನೆನೆಯಲಿ, ಗಾಳಿ ಬೀಸುತ್ತಿರಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಕಾವು ಒಳಗೇ ಉಳಿಯುತ್ತದೆ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬೇಡಿ. ತಣಿಸುತ್ತಲೇ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಚೇತರಿಸಿಕೊಂಡಂತೆ ಕಂಡರೂ ಒಯ್ಯಲೇಬೇಕು, ಒಳಗಿನ ಹಾನಿ ಮರುದಿನ ಕಾಣಿಸಿಕೊಳ್ಳಬಹುದು. ಹೋಗುವ ಊರಿನ ಪಶುವೈದ್ಯರ ಫೋನ್ ನಂಬರನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ನಾಯಿ ಸಾಕದವರಲ್ಲೂ ನನ್ನ ಮನವಿಯಿದೆ. ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಇರುವ ದಂಡ ಇಂದಿಗೂ 10ರಿಂದ 50 ರೂಪಾಯಿ. ಅದಕ್ಕೆ ಹೆದರುವವರು ಯಾರು? ಹಾಗಾಗಿ ಕಂಡವರು ಬಾಯಿಬಿಡಬೇಕು. ಕಾರಿನೊಳಗೆ ಒಂಟಿ ನಾಯಿ ಕಂಡರೆ ದಾಟಿಹೋಗಬೇಡಿ. ಗಾಡಿಯ ನಂಬರು ಹಿಡಿದು ಪಾರ್ಕಿಂಗ್ ಹುಡುಗನಿಗೆ ಹೇಳಿ, ಮಾಲೀಕರು ಬರುವವರೆಗೆ ಅಲ್ಲೇ ನಿಲ್ಲಿ, ಯಾರೂ ಬಾರದಿದ್ದರೆ 112ಕ್ಕೆ ಕರೆ ಮಾಡಿ. ದೇವಸ್ಥಾನಗಳ ಆಡಳಿತ ಮಂಡಳಿಯವರೇ, ಕಳೆದುಹೋದ ಮಕ್ಕಳ ಹೆಸರನ್ನು ಮೈಕಿನಲ್ಲಿ ಕೂಗುತ್ತೀರಿ; ಈ ಗಾಡಿಯ ನಂಬರನ್ನೂ ಕೂಗಿಸಿ. ವಾಹನ ನಿಲ್ಲಿಸುವ ಜಾಗದ ಒಂದು ಮೂಲೆಗೆ ಸೋಗೆ ಚಪ್ಪರ ಹಾಕಿಸಿ, ಒಂದು ನಲ್ಲಿ, ಒಂದು ಕಲ್ಲಿನ ಬಾನಿ ಇಡಿಸಿ, ನಾಯಿ ಹಿಡಿದು ಕೂರುವವರಿಗೆ ಒಂದು ಬೆಂಚು ಹಾಕಿಸಿ. ಹೆದ್ದಾರಿಯ ಹೋಟೆಲಿನವರೂ ಇದನ್ನು ಮಾಡಬಹುದು. ಈ ಏಪ್ರಿಲ್‌ಗೆ ಮುಂಚೆಯೇ ಮಾಡಿ.