ಖಾಲಿ ಕಪಾಟು ಹೇಳಿದ ಮಾತು

ನಮ್ಮೂರಿನ ಹಳೇ ಬಸ್ ನಿಲ್ದಾಣದ ಎದುರು ಒಂದು ಪುಸ್ತಕದಂಗಡಿ ಇದೆ. ಮೂರು ತಿಂಗಳಿಗೊಮ್ಮೆ ಹೊರಬರುವ ಒಂದು ಸಣ್ಣ ಸಾಹಿತ್ಯ ಪತ್ರಿಕೆಯವರು ಹೊಸ ಸಂಚಿಕೆ ಬಂದಾಗಲೆಲ್ಲ ಅಲ್ಲಿ ಕವಿತಾ ವಾಚನ ಇಟ್ಟುಕೊಳ್ಳುತ್ತಾರೆ. ಅಧ್ಯಕ್ಷರಿಲ್ಲ, ಹಾರ ತುರಾಯಿಯಿಲ್ಲ, ಮೈಕೂ ಇಲ್ಲ. ಇಪ್ಪತ್ತೈದು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಲಾಸ್ಕ್ ಚಹ, ನಾಲ್ಕೈದು ಕವಿಗಳು. ಅಷ್ಟೇ.

ವಿಜ್ಞಾನದ ಮೇಷ್ಟ್ರಿಗೆ ಅಲ್ಲೇನು ಕೆಲಸ ಎಂದು ನನ್ನ ಹೆಂಡತಿ ಕೇಳುವುದುಂಟು. 'ಮಳೆ ಬಂದರೆ ನಿಲ್ಲೋಕೆ ಒಂದು ಸೂರು' ಎಂದು ಹಾರಿಸಿಬಿಡುತ್ತೇನೆ. ನಿಜ ಹೇಳಬೇಕೆಂದರೆ, ವರ್ಷವೆಲ್ಲ ಓಮನ ನಿಯಮ ಒದರುವ ಬಾಯಿಗೆ ಒಂದು ಸಂಜೆ ವಿಶ್ರಾಂತಿ ಸಿಗುತ್ತದೆ. ಕಿವಿಗೆ ಕೆಲಸ ಸಿಗುತ್ತದೆ.

ಮೊನ್ನೆ ಶನಿವಾರವೂ ಹೋಗಿದ್ದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಮೊದಲು ಓದಲು ನಿಂತರು. ಅವರ ಓದು ನನಗೆ ಹೊಸದಲ್ಲ. ಆದರೆ ಅಂದು ಏನೋ ಸರಿಯಿಲ್ಲ ಅನ್ನಿಸಿತು. ಒಂದು ಸಾಲಿನ ಕೊನೆಯ ಮಾತು ಅಲ್ಲಿಗೇ ಮುಗಿಯದೆ ಮುಂದಿನ ಸಾಲಿನ ಮೇಲೆ ಬಿದ್ದು ಕಲಸಿಹೋಗುತ್ತಿತ್ತು. ಎಷ್ಟೋ ವರ್ಷದಿಂದ ಅದೇ ಕೋಣೆ, ಅದೇ ದನಿ. ತಲೆಯೆತ್ತಿ ಸುತ್ತ ನೋಡಿದೆ. ಎಡಗಡೆ ಗೋಡೆಯ ಕಪಾಟುಗಳೆಲ್ಲ ಖಾಲಿ!

ಇದು ಒಂಬತ್ತನೇ ತರಗತಿಯ ಶಬ್ದದ ಪಾಠ. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಸುಮಾರು 17 ಮೀಟರಾದರೂ ದೂರವಿರಬೇಕು. ಸಣ್ಣ ಕೋಣೆಯಲ್ಲಿ ಗೋಡೆಗೆ ಬಡಿದು ಬಂದ ಶಬ್ದ ಮೂಲ ಶಬ್ದದ ಜೊತೆಗೇ ಬೆರೆತು ಅದನ್ನು ಎಳೆಯುತ್ತದೆ. ಇದಕ್ಕೆ ಅನುರಣನ ಎನ್ನುತ್ತೇವೆ. ಹೊಸದಾಗಿ ಸುಣ್ಣ ಹೊಡೆದ ಖಾಲಿ ಮನೆಯಲ್ಲಿ ಮಾತಾಡಿದವರಿಗೆಲ್ಲ ಇದು ಗೊತ್ತು.

1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸ ಉಪನ್ಯಾಸ ಕೊಠಡಿಯೊಂದು ಇದೇ ಕಾರಣಕ್ಕೆ ನಿರುಪಯುಕ್ತವಾಗಿತ್ತು. ಆಡಿದ ಮಾತು ಐದೂವರೆ ಸೆಕೆಂಡು ಗಾಳಿಯಲ್ಲೇ ಉಳಿಯುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸೇಬಿನ್ ಎಂಬ ಎಳೆಯ ಭೌತಶಾಸ್ತ್ರದ ಮೇಷ್ಟ್ರ ಪಾಲಿಗೆ ಬಂತು. ಆತ ರಾತ್ರಿ ಹೊತ್ತು ಬೇರೊಂದು ಸಭಾಂಗಣದ ಕುರ್ಚಿಗಳ ಮೆತ್ತೆಗಳನ್ನು ಹೊರಿಸಿ ತಂದು ಕೊಠಡಿಯಲ್ಲಿ ಹರಡಿಸುತ್ತಿದ್ದ. ಒಂದು ಆರ್ಗನ್ ಕೊಳವೆ ಊದಿಸಿ, ಶಬ್ದ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುತ್ತಿದ್ದ. ಮೆತ್ತೆ ಹೆಚ್ಚಿದಷ್ಟೂ ಶಬ್ದ ಬೇಗ ಅಡಗುತ್ತಿತ್ತು. ಸಭಾಂಗಣಗಳ ಶಬ್ದವಿಜ್ಞಾನ ಹುಟ್ಟಿದ್ದು ಹೀಗೆ.

ಅಲ್ಲಿ ಮೆತ್ತೆ ಮಾಡಿದ ಕೆಲಸವನ್ನು ಇಲ್ಲಿ ಪುಸ್ತಕಗಳು ಮಾಡುತ್ತಿದ್ದವು. ಕಾಗದ ಶಬ್ದವನ್ನು ಹೀರುತ್ತದೆ. ಏರುಪೇರಾಗಿ ನಿಂತ ಬೆನ್ನುಗಳು ಅದನ್ನು ಚದುರಿಸುತ್ತವೆ. ಯಾರೂ ಕೊಳ್ಳದ ಪುಸ್ತಕ ಕೂಡ ಮೈಕಿಲ್ಲದ ಕವಿಗೆ ಇಷ್ಟು ಉಪಕಾರ ಮಾಡುತ್ತಿತ್ತು.

ಓದು ಮುಗಿದ ಮೇಲೆ ಅಂಗಡಿಯ ಯಜಮಾನರನ್ನು ಕೇಳಿದೆ: 'ಏನ್ ಸ್ವಾಮಿ, ಆ ಕಡೆ ಎಲ್ಲ ಖಾಲಿ?'

'ಅರ್ಧ ಅಂಗಡಿ ಬಿಟ್ಟುಕೊಡ್ತಿದ್ದೀನಿ ಮೇಷ್ಟ್ರೇ. ಬಾಡಿಗೆ ಹೊಂದಿಸೋಕೆ ಆಗ್ತಿಲ್ಲ. ಮೊಬೈಲ್ ಅಂಗಡಿಯವರು ಬರ್ತಾರೆ. ಗೈಡು, ನೋಟ್‌ಬುಕ್ಕು ಈ ಕಡೆ ಇಟ್ಕೊಂಡು ನಡೆಸ್ತೀನಿ.'

'ಕವಿತೆ?'

'ನೋಡೋಣ. ಕೇಳೋರು ಬರ್ತಾರೆ ಮೇಷ್ಟ್ರೇ, ಕೊಳ್ಳೋರು ಬರಲ್ಲ.'

ಅವರು ನನ್ನ ಮುಖ ನೋಡಿ ಹೇಳಲಿಲ್ಲ. ಆದರೂ ನನಗೆ ಚುರುಕ್ಕೆಂದಿತು. ಲೆಕ್ಕ ಹಾಕಿದೆ. ಆರು ವರ್ಷದಲ್ಲಿ ಇಪ್ಪತ್ತಕ್ಕೆ ಕಡಿಮೆಯಿಲ್ಲದ ಸಂಜೆಗಳು. ಕುಡಿದ ಚಹ ನಲವತ್ತು ಲೋಟ. ಕೊಂಡ ಪುಸ್ತಕ ಸೊನ್ನೆ. ಪತ್ರಿಕೆಯ ಚಂದಾ, ಅದೂ ಸೊನ್ನೆ. ಮಕ್ಕಳ ಅಂಕಪಟ್ಟಿಯಾಗಿದ್ದರೆ ಪಾಲಕರನ್ನು ಕರೆಸುತ್ತಿದ್ದೆ.

ಅಂಗಡಿ, ಪತ್ರಿಕೆ, ಕವಿತೆ ಮೂರೂ ಒಂದೇ ಸೂರಿನಡಿ ಬಾಳಿದ ಉದಾಹರಣೆ ಲಂಡನ್ನಿನಲ್ಲಿತ್ತು. ಹೆರಾಲ್ಡ್ ಮನ್ರೊ ಎಂಬ ಕವಿ 1913ರ ಜನವರಿಯಲ್ಲಿ ಅಲ್ಲಿ 'ಪೊಯಟ್ರಿ ಬುಕ್‌ಶಾಪ್' ತೆರೆದ. ಅದೇ ವರ್ಷ 'ಪೊಯಟ್ರಿ ಅಂಡ್ ಡ್ರಾಮಾ' ಎಂಬ ತ್ರೈಮಾಸಿಕವನ್ನೂ ಹೊರಡಿಸಿದ. ಅಂಗಡಿಯಲ್ಲಿ ಕವಿಗಳ ಓದು ತಪ್ಪದೆ ನಡೆಯುತ್ತಿತ್ತು. ಪ್ರಾರಂಭೋತ್ಸವದ ಸಂಜೆ ಬಂದವರಲ್ಲಿ ಅಮೆರಿಕದಿಂದ ಬಂದು ನೆಲೆಸಿದ್ದ, ಇನ್ನೂ ಒಂದು ಪುಸ್ತಕವೂ ಹೊರಬರದ 38 ವರ್ಷದ ಒಬ್ಬಾತನಿದ್ದ. ಗುಂಪಿನಲ್ಲಿ ಎಫ್.ಎಸ್. ಫ್ಲಿಂಟ್ ಎಂಬ ಕವಿಯ ಪರಿಚಯವಾಯಿತು. ಫ್ಲಿಂಟ್ ಮೂಲಕ ಎಜ್ರಾ ಪೌಂಡ್ ಪರಿಚಯವಾಯಿತು. ಆ ವರ್ಷವೇ ಮೊದಲ ಸಂಕಲನ ಬಂದಾಗ ಪೌಂಡ್ ವಿಮರ್ಶೆ ಬರೆದ. ಆತ ರಾಬರ್ಟ್ ಫ್ರಾಸ್ಟ್.

ಇಂಥ ಅಂಗಡಿಯೂ ಕೈತುಂಬ ಸಂಪಾದಿಸಲಿಲ್ಲ. ಮನ್ರೊ ತನ್ನ ಕೈಯಿಂದಲೇ ಹಣ ಹಾಕುತ್ತ ಬಂದ. ತ್ರೈಮಾಸಿಕ ಯುದ್ಧದ ಹೊತ್ತಿಗೆ, 1914ರ ಕೊನೆಯಲ್ಲಿ ನಿಂತಿತು. ಆತ 1932ರಲ್ಲಿ ತೀರಿಕೊಂಡ. 1935ರಲ್ಲಿ ಅಂಗಡಿಯ ಬಾಗಿಲೂ ಮುಚ್ಚಿತು.

ನಮ್ಮಲ್ಲೂ 1962ರಲ್ಲಿ ಗೋಪಾಲಕೃಷ್ಣ ಅಡಿಗರು 'ಸಾಕ್ಷಿ' ಆರಂಭಿಸಿದರು. 1964ರಲ್ಲಿ ಧಾರವಾಡದಿಂದ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಕೂಡಿ 'ಸಂಕ್ರಮಣ' ತಂದರು. ಇಂಥ ಪತ್ರಿಕೆಗಳಿಗೆ ಜಾಹೀರಾತಿನ ಬಲ ಕಡಿಮೆ. ಚಂದಾ ಕಟ್ಟುವ ಓದುಗನೇ ಅವುಗಳ ಕಂಬ. ಕವಿತೆ ಚೆನ್ನಾಗಿದೆ ಎಂದು ತಲೆದೂಗುವುದು ಸುಲಭ; ತಲೆದೂಗಿದರೆ ಮುದ್ರಣಾಲಯದ ಬಿಲ್ಲು ತೀರುವುದಿಲ್ಲ.

ಅಂದು ವರ್ಷದ ಚಂದಾ ಕಟ್ಟಿದೆ. ಓದಿದ ಹೆಣ್ಣುಮಗಳ ಸಂಕಲನ ಒಂದು, ಮತ್ತೊಂದು ಪುಸ್ತಕ ಕೊಂಡೆ. ಯಜಮಾನರು ಬಿಲ್ಲು ಬರೆಯುತ್ತ ನಕ್ಕರು. ಎರಡು ಪುಸ್ತಕದಿಂದ ಅರ್ಧ ಅಂಗಡಿ ವಾಪಸ್ಸು ಬರುವುದಿಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಕುರ್ಚಿಯಲ್ಲಿದ್ದ ಇಪ್ಪತ್ತೈದು ಮಂದಿ ಪ್ರತಿ ಸಲವೂ ಒಂದೊಂದು ಕೊಂಡಿದ್ದರೆ ಆ ಗೋಡೆ ಇಷ್ಟು ಬೇಗ ಬೋಳಾಗುತ್ತಿತ್ತೇ? ಈ ಲೆಕ್ಕವನ್ನು ನಿಮಗೂ ಬಿಟ್ಟಿದ್ದೇನೆ.

ಮನೆಗೆ ಬಂದಾಗ ಹೆಂಡತಿ ಕೈಯಲ್ಲಿದ್ದ ಪೊಟ್ಟಣ ನೋಡಿ ಕೇಳಿದಳು: 'ಏನ್ರೀ ಇದು? ಮಳೆಗೆ ನಿಂತವರು ಸಾಮಾನು ತಂದಿದ್ದೀರಿ?'

'ನಿಂತಿದ್ದಕ್ಕೆ ಬಾಡಿಗೆ ಕೊಟ್ಟು ಬಂದೆ ಕಣೇ' ಎಂದೆ. 'ಆರು ವರ್ಷದ ಬಾಕಿ ಇತ್ತು.'