ಯಂತ್ರ ಕೊಡುವ ದನಿ, ಮನೆ ಕೊಡುವ ಮಾತು

ಹುಟ್ಟುಕಿವುಡಿಯಾದ ನನ್ನ ಮೊಮ್ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ಪುಣೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸಲಾಯಿತು. ಬಳಿಕ ನಮಗೆ ದೊರೆತ ಸಲಹೆ: ‘ಮನೆಯಲ್ಲಿ ಕನ್ನಡ ಬಿಡಿ, ಹಿಂದಿಯೊಂದನ್ನೇ ಆಡಿ.’ ಹೊರನಾಡಿನಲ್ಲಿರುವ ನಮಗೆ ಇಂಥ ಸಲಹೆ ಸಹಜವೆನಿಸಿಬಿಡುತ್ತದೆ. ಆದರೆ ನಾನಿದನ್ನು ಒಪ್ಪಲಾರೆ.

ಈ ಸಾಧನ ಕಿವುಡನ್ನು ಗುಣಪಡಿಸುವುದಿಲ್ಲ. ಒಳಗಿವಿಯ ಸಾವಿರಾರು ರೋಮಕೋಶಗಳ ಕೆಲಸವನ್ನು ಇಪ್ಪತ್ತರ ಆಸುಪಾಸಿನ ವಿದ್ಯುದ್ವಾರಗಳು ನಿರ್ವಹಿಸಬೇಕು. ಆ ಒರಟು ಸಂಕೇತದಿಂದ ಮಾತನ್ನು ಹೆಕ್ಕುವುದು ಮೆದುಳಿನ ಕಲಿಕೆ. ಅದಕ್ಕೆ ಮೊದಲ ಮೂರೂವರೆ ವರ್ಷಗಳೇ ಪ್ರಶಸ್ತ ಕಾಲ. ತಡವಾದಷ್ಟೂ ಫಲ ಕುಗ್ಗುತ್ತದೆ. ಒಂದೇ ವಯಸ್ಸಿನಲ್ಲಿ ಸಾಧನ ಪಡೆದ ಮಕ್ಕಳಲ್ಲಿಯೂ ಫಲಿತಾಂಶ ಏಕರೂಪವಾಗಿರುವುದಿಲ್ಲ. ಮಗುವಿನ ಕಿವಿಗೆ ದಿನವಿಡೀ ಬೀಳುವ ಮಾತಿನ ಸಮೃದ್ಧಿ ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ.

ಹೀಗಿರುವಾಗ ತಡವರಿಸುತ್ತ ನಾಲ್ಕು ಹಿಂದಿ ಮಾತಾಡುವ ತಾಯಿಗಿಂತ, ಕನ್ನಡದಲ್ಲಿ ಗದರಿ, ಮುದ್ದಿಸಿ, ಕಥೆ ಹೇಳುವ ತಾಯಿ ಮೇಲಲ್ಲವೆ? ಎರಡು ಭಾಷೆ ಕಲಿತುದರಿಂದ ಇಂಥ ಮಕ್ಕಳು ಹಿಂದುಳಿಯಲಿಲ್ಲವೆಂದು ಹಲವು ಅಧ್ಯಯನಗಳೂ ತೋರಿಸಿವೆ. ಶಾಲೆಯ ಭಾಷೆ ಬರಲಿ; ಮನೆಯ ಭಾಷೆಯ ಹೆಗಲೇರಿ ಬರಲಿ.

ಅಳೆಯುವಾಗಲೂ ಎಚ್ಚರ ಬೇಕು. ಮಗು ಅರಿಯದ ಭಾಷೆಯ ಪದಗಳಿಂದ ಪರೀಕ್ಷಿಸಿದರೆ ಅದರ ಶ್ರವಣಶಕ್ತಿ ಕಡಿಮೆಯೆಂದೇ ತೋರುತ್ತದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಕನ್ನಡ ಪದಪಟ್ಟಿಗಳನ್ನೇ ರೂಪಿಸಿದೆ; ಪಾಲಕರು ಅವುಗಳನ್ನು ಕೇಳಿ ಬಳಸಿಕೊಳ್ಳಬೇಕು.

ಬಡ ಕುಟುಂಬಗಳಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಯೋಜನೆಯಿದೆ. ಮಾತನ್ನು ಒದಗಿಸಬೇಕಾದವರು ನಾವು. ಗದ್ದಲದಲ್ಲಿ ಈ ಮಕ್ಕಳಿಗೆ ಮಾತು ಸ್ಪಷ್ಟವಾಗದು. ಆದ್ದರಿಂದ ನಮ್ಮ ಸಂಘಗಳು ಧ್ವನಿವರ್ಧಕದ ಉತ್ಸವಗಳ ಜೊತೆಗೆ, ವಾರಕ್ಕೊಮ್ಮೆ ಒಂದು ನಿಶ್ಶಬ್ದ ಕೋಣೆಯಲ್ಲಿ ಕನ್ನಡ ಕಥೆ ಹೇಳುವ ಅಜ್ಜ ಅಜ್ಜಿಯರನ್ನು ಕೂಡಿಸಲಿ. ಮೊದಲ ಅಜ್ಜನಾಗಿ ನಾನೇ ಬರುತ್ತೇನೆ.